ಹೊಸ್ತಿಲೊಳಗಿನ ಸುವಾರ್ತೆ

1873ರ ಬೇಸಿಗೆಯಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿರುವ ಸಿಯಾಲ್‌ಕೋಟ್‌ನಲ್ಲಿ, ಅಮೆರಿಕನ್ ಮಿಷನರಿ ಸ್ಯಾಮ್ಯುಯೆಲ್ ಮಾರ್ಟಿನ್ ಅವರ ಬಳಿಗೆ ಕಾಲು ಕುಂಟುತ್ತಿದ್ದ ಒಬ್ಬ ಮನುಷ್ಯ ಬಂದು ದೀಕ್ಷಾಸ್ನಾನ ಕೇಳಿದ. ಹೆಸರು ದಿತ್. ಚೂಹ್ರಾ ಎಂದು ಕರೆಸಿಕೊಳ್ಳುತ್ತಿದ್ದ ಅಸ್ಪೃಶ್ಯ ಸಮುದಾಯದವನು, ಚರ್ಮ ಕೊಂಡು ಮಾರುವುದು ಕಸುಬು, ಓದು ಬರಹ ಗೊತ್ತಿಲ್ಲ. ಅವನಿಗೆ ಯೇಸುವಿನ ವಿಷಯ ಹೇಳಿದ್ದು ನಟ್ಟೂ ಎಂಬ ಪರಿಚಿತ. ಮಿಷನ್ ತನ್ನ ಮಟ್ಟಿಗೆ ಕೈಬಿಟ್ಟಂತಿದ್ದ ಆಸಾಮಿ ಈ ನಟ್ಟೂ. ದೀಕ್ಷಾಸ್ನಾನವಾದವರು ಮಿಷನ್ ಕಾಂಪೌಂಡಿನ ಆಶ್ರಯದಲ್ಲೇ ಉಳಿಯುವುದು ಆಗಿನ ರೂಢಿ. ದಿತ್ ಮಾತ್ರ ಊರಿಗೆ ವಾಪಸು ಹೋಗುತ್ತೇನೆಂದ. ಮಾರ್ಟಿನ್ ಹಿಂದೆ ಮುಂದೆ ನೋಡಿದರು. ಬುಡವಿಲ್ಲದ ಈ ಹೊಸ ನಂಬಿಕೆ ಊರಿನ ಬಿಸಿಲಿಗೆ ಬಾಡಿಹೋದೀತು ಎಂಬ ಭಯ. ಕೊನೆಗೆ ಒಪ್ಪಿದರು. ಊರಲ್ಲಿ ನೆಂಟರು, ಅಣ್ಣತಮ್ಮಂದಿರು ದಿತ್‌ನನ್ನು ಹಂಗಿಸಿದರು, ನಮ್ಮನ್ನು ಒಂದು ಮಾತೂ ಕೇಳಲಿಲ್ಲವಲ್ಲ ಎಂದು ಸಿಟ್ಟಾದರು. ಅವನು ಜಗಳಕ್ಕೆ ಹೋಗಲಿಲ್ಲ, ಊರನ್ನೂ ಬಿಡಲಿಲ್ಲ. ಆಗಸ್ಟ್‌ನಲ್ಲಿ ಹೆಂಡತಿ, ಮಗಳು, ನೆರೆಯ ಇಬ್ಬರನ್ನು ಕರೆದುಕೊಂಡು ಸುಮಾರು 30 ಮೈಲಿ ನಡೆದು ಸಿಯಾಲ್‌ಕೋಟ್‌ಗೆ ಬಂದ. ತನಗೆ ತಿಳಿದದ್ದನ್ನೆಲ್ಲ ಅವರಿಗೆ ತಾನೇ ಕಲಿಸಿದ್ದ. ಮುಂದಿನ ವರ್ಷದ ಫೆಬ್ರವರಿಯಲ್ಲಿ ಇನ್ನೂ ನಾಲ್ವರು ಬಂದರು. ನಾಲ್ಕು ದಶಕ ಕಳೆಯುವಷ್ಟರಲ್ಲಿ ಆ ಜಿಲ್ಲೆಯ ಆ ಸಮುದಾಯ ಹೆಚ್ಚುಕಡಿಮೆ ಇಡಿಯಾಗಿ ಕ್ರೈಸ್ತವಾಗಿತ್ತು.

ಧರ್ಮ ಹಬ್ಬುವುದೆಂದರೆ ಸಂತೆಯಲ್ಲಿ ನಿಂತು ಬೋಧಿಸುವುದು, ಕರಪತ್ರ ಹಂಚುವುದು, ಮೈದಾನದಲ್ಲಿ ಮೈಕು ಕಟ್ಟುವುದು ಎಂಬ ಚಿತ್ರವೇ ಸಾಮಾನ್ಯವಾಗಿ ಕಣ್ಣಿಗೆ ಬರುತ್ತದೆ. ಪರವಾಗಿರುವವರಿಗೂ ವಿರೋಧವಾಗಿರುವವರಿಗೂ ಅದೇ ಚಿತ್ರ. ಚರಿತ್ರೆ ತೋರಿಸುವುದು ಬೇರೆ. ಕ್ರೈಸ್ತ ನಂಬಿಕೆ ಬಹುಪಾಲು ನಡೆದುಬಂದದ್ದು ಅಣ್ಣನಿಂದ ತಮ್ಮನಿಗೆ, ಹೆಂಡತಿಯಿಂದ ಗಂಡನಿಗೆ, ಜತೆಗೆ ದುಡಿಯುವವನಿಂದ ಜತೆಗಾರನಿಗೆ. ಈ ದಾರಿ ಎಷ್ಟು ಸಹಜವೋ ಅಷ್ಟೇ ನೋವಿನದು. ಬೀದಿಯಲ್ಲಿ ಕೇಳಿದ ಮಾತಿಗೆ ಬೆನ್ನು ತಿರುಗಿಸಿ ಹೋಗಬಹುದು. ಮನೆಯಲ್ಲಿ ಕೇಳಿದ ಮಾತಿನ ಜತೆ ರಾತ್ರಿ ಊಟಕ್ಕೆ ಕೂರಬೇಕಾಗುತ್ತದೆ. ಹೇಳುವವರಿಗೆ ಹೇಳುವ ಸ್ವಾತಂತ್ರ್ಯ ಇರಬೇಕು ಎಂಬ ವಾದ ಬೇಕಾದಷ್ಟು ನಡೆದಿದೆ. ಕೇಳಿದವರು ಬೇಡ ಎಂದ ಮೇಲೂ ಅವರ ಅನ್ನ, ಆಸ್ತಿ, ಪ್ರೀತಿ ಹಾಗೇ ಉಳಿಯುತ್ತದೆಯೇ, ಹೌದು ಎಂದ ಮೇಲೂ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಅಷ್ಟು ಗಮನ ಸಿಕ್ಕಿಲ್ಲ.

ಸಮಾಜಶಾಸ್ತ್ರಜ್ಞರು ಇದನ್ನು ಗುರುತಿಸಿದ್ದು ತಡವಾಗಿ. 1960ರ ದಶಕದ ಆರಂಭದಲ್ಲಿ ಜಾನ್ ಲೋಫ್‌ಲ್ಯಾಂಡ್ ಮತ್ತು ರಾಡ್ನಿ ಸ್ಟಾರ್ಕ್ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಒಂದು ಚಿಕ್ಕ ಹೊಸ ಪಂಥದ ಜತೆ ಓಡಾಡಿ, ಯಾರು ಸೇರುತ್ತಾರೆ, ಯಾಕೆ ಸೇರುತ್ತಾರೆ ಎಂದು ನೋಡಿದರು. ಬೋಧನೆಗೆ ಮರುಳಾಗಿ ಸೇರಿದವರು ಕಡಿಮೆ. ಒಳಗಿದ್ದವರ ಜತೆಗಿನ ಸ್ನೇಹ ಹೊರಗಿನ ನಂಟಿಗಿಂತ ಗಟ್ಟಿಯಾದಾಗ ಜನ ಸೇರುತ್ತಿದ್ದರು, ಬೋಧನೆ ಆಮೇಲೆ ಅರ್ಥವಾಗುತ್ತಿತ್ತು. 1965ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಸ್ಟಾರ್ಕ್ 1996ರ ತಮ್ಮ ಪುಸ್ತಕದಲ್ಲಿ ಅದೇ ಲೆಕ್ಕವನ್ನು ಆದಿ ಕ್ರೈಸ್ತ ಸಭೆಗೆ ಹಚ್ಚಿದರು. ಕ್ರಿ.ಶ. 40ರಲ್ಲಿ ಸಾವಿರ ಮಂದಿ ಇದ್ದರೆಂದು ಹಿಡಿದು, ಹತ್ತು ವರ್ಷಕ್ಕೆ ನೂರಕ್ಕೆ ನಲವತ್ತರಂತೆ ಬೆಳೆದರೂ ಸಾಕು, 350ರ ಹೊತ್ತಿಗೆ ಮೂರು ಕೋಟಿ ದಾಟುತ್ತದೆ. ಪವಾಡವೂ ಬೇಡ, ರಾಜಾಜ್ಞೆಯೂ ಬೇಡ, ಮನೆ ಮನೆಯ ನಂಟು ಸಾಕು ಎಂಬುದು ಅವರ ಅಂದಾಜು. ಎರಡನೆಯ ಶತಮಾನದಲ್ಲಿ ಕ್ರೈಸ್ತರನ್ನು ಖಂಡಿಸಿದ ಸೆಲ್ಸಸ್ ಕೂಡ ಬೇರೆ ಬಾಯಿಂದ ಇದನ್ನೇ ಹೇಳುತ್ತಾನೆ: ಉಣ್ಣೆ ನೂಲುವವರು, ಚಮ್ಮಾರರು, ಬಟ್ಟೆ ಒಗೆಯುವವರು ಮನೆಗಳ ಒಳಗೆ ಹೆಂಗಸರು ಮಕ್ಕಳ ಕಿವಿಯಲ್ಲಿ ಈ ಮಾತು ಊದುತ್ತಾರೆ ಎಂಬುದು ಅವನ ದೂರು.

ಭಾರತದಲ್ಲಿ ಇದನ್ನು ಕೂಲಂಕಷವಾಗಿ ಪರಿಶೀಲಿಸಿದವರು ಮೆಥಡಿಸ್ಟ್ ಪಂಥದ ಜೆ. ವಾಸ್ಕಮ್ ಪಿಕೆಟ್. 1933ರಲ್ಲಿ ಬಂದ ಅವರ ಅಧ್ಯಯನ, ಇಲ್ಲಿನ ಕ್ರೈಸ್ತರಲ್ಲಿ ಬಹುಪಾಲು ಜನ ಒಬ್ಬೊಬ್ಬರಾಗಿ ಬಂದವರಲ್ಲ, ಕುಲ ಕುಟುಂಬಗಳ ಗುಂಪಾಗಿ ಬಂದವರು ಎಂದು ತೋರಿಸಿತು. ಮಧ್ಯಭಾರತದ ದಮೋಹ್‌ನಲ್ಲಿ ಹುಟ್ಟಿದ ಡೊನಾಲ್ಡ್ ಮೆಕ್‌ಗಾವ್ರನ್ 1955ರಲ್ಲಿ ಇದನ್ನೇ ಸಿದ್ಧಾಂತ ಮಾಡಿದರು. ಬಂಧುತ್ವವೇ ದೇವರು ಹಾಕಿದ ಸೇತುವೆ, ಕಾಂಪೌಂಡು ಕಟ್ಟಿ ಆ ಸೇತುವೆ ಮುರಿಯಬೇಡಿ ಎಂಬುದು ಅದರ ತಿರುಳು. ಅರ್ಧ ಸತ್ಯ ಅಲ್ಲಿದೆ. ಇನ್ನರ್ಧವನ್ನು ದಕ್ಷಿಣ ಭಾರತದ ಸಭೆಗಳು ಕಣ್ಣಾರೆ ಕಂಡಿವೆ: ಕುಲದ ಜತೆ ಬಂದವರ ಹಿಂದೆ ಕುಲಭೇದವೂ ಬಂತು. ಒಂದೇ ದೇವಾಲಯದಲ್ಲಿ ಬೇರೆ ಬೇರೆ ಸಾಲು, ಒಂದೇ ಊರಲ್ಲಿ ಬೇರೆ ಬೇರೆ ಸ್ಮಶಾನ. ಸೇತುವೆಯ ಮೇಲೆ ಏನೆಲ್ಲ ದಾಟಿ ಬಂತು ಎಂದು ಎಣಿಸುವ ಕೆಲಸವನ್ನು ಮೆಕ್‌ಗಾವ್ರನ್ ಅವರ ಅನುಯಾಯಿಗಳು ಮಾಡಲಿಲ್ಲ.

ಸತ್ಯವೇದದಲ್ಲೇ ಎರಡೂ ಮಗ್ಗುಲು ಇವೆ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಅಂದ್ರೆಯನು ಯೇಸುವನ್ನು ಕಂಡ ಕೂಡಲೇ ಹುಡುಕಿದ್ದು ತನ್ನ ಒಡಹುಟ್ಟಿದ ಸೀಮೋನನನ್ನು. ಅಮೆರಿಕದ ಬೋಧಕ ಬಿಲ್ಲಿ ಗ್ರಹಾಂ ಅವರ ಸಭೆಗಳಿಗೆ ಸ್ನೇಹಿತರನ್ನು ಕರೆತರುವ ಯೋಜನೆಗೆ ಈ ಅಂದ್ರೆಯನ ಹೆಸರೇ ಇತ್ತು. ಮಾರ್ಕನ ಐದನೆಯ ಅಧ್ಯಾಯದಲ್ಲಿ ದೆವ್ವ ಬಿಟ್ಟವನು ನಿನ್ನ ಜತೆಗೇ ಬರುತ್ತೇನೆ ಎಂದರೆ ಯೇಸು ಬೇಡವೆಂದು ಅವನನ್ನು ಮನೆಯವರ ಬಳಿಗೆ ಕಳಿಸುತ್ತಾನೆ. ಫಿಲಿಪ್ಪಿಯಲ್ಲಿ ಲುದ್ಯಳ ಮನೆಯವರು, ಸೆರೆಮನೆಯ ಯಜಮಾನನ ಮನೆಯವರು ಒಟ್ಟಿಗೆ ದೀಕ್ಷಾಸ್ನಾನ ಪಡೆಯುತ್ತಾರೆ. ಅದೇ ಪುಸ್ತಕಗಳಲ್ಲಿ ಯೇಸುವಿನ ಸ್ವಂತ ತಮ್ಮಂದಿರು ಅವನನ್ನು ನಂಬುವುದಿಲ್ಲ, ಹುಟ್ಟಿದೂರು ಅವನಿಗೆ ಮರ್ಯಾದೆ ಕೊಡುವುದಿಲ್ಲ. ಮುಂದೆ ಆ ತಮ್ಮಂದಿರಲ್ಲೊಬ್ಬನಾದ ಯಾಕೋಬನೇ ಯೆರೂಸಲೇಮ್ ಸಭೆಯ ಹಿರಿಯನಾದ. ಅಷ್ಟರಲ್ಲಿ ಶಿಲುಬೆಯೂ ಪುನರುತ್ಥಾನವೂ ಆಗಿಹೋಗಿದ್ದವು. ತನ್ನ ಮನೆಯವರನ್ನು ಒಪ್ಪಿಸಲು ಯೇಸುವಿಗೇ ಅಷ್ಟು ಕಾಲ ಬೇಕಾಯಿತು ಎಂಬುದನ್ನು ಅವಸರದ ಸಾಕ್ಷಿಗಾರರು ನೆನಪಿನಲ್ಲಿಡಬೇಕು. ನಂಬದ ಗಂಡಂದಿರಿರುವ ಹೆಂಗಸರಿಗೆ ಪೇತ್ರನ ಪತ್ರ ಕೊಡುವ ಬುದ್ಧಿಮಾತಂತೂ ಬಾಯಿ ಬಿಡದೆ ನಡತೆಯಿಂದ ಗೆಲ್ಲಿರಿ ಎಂಬುದು. ಸುವಾರ್ತೆ ಸಾರಲೆಂದೇ ಹುಟ್ಟಿದ ಚಳವಳಿಯೊಂದು ಮನೆಯೊಳಗಿನ ಮಟ್ಟಿಗೆ ಮೌನವನ್ನು ಶಿಫಾರಸು ಮಾಡಿತು. ಆ ಮಾತಿಗೆ ಹೆಣ್ಣನ್ನು ಸುಮ್ಮನಿರಿಸುವ ಅರ್ಥ ಹಚ್ಚಿದವರೂ ಇದ್ದಾರೆ. ಅದು ಅನ್ಯಾಯ.

ನಾಲ್ಕನೆಯ ಶತಮಾನದ ಉತ್ತರ ಆಫ್ರಿಕಾದ ಮೋನಿಕಾ ಈ ವಿಷಯಕ್ಕೆ ಸಭೆಗಳು ಸದಾ ಕೊಡುವ ಉದಾಹರಣೆ. ಮುಂಗೋಪಿ ಗಂಡ ಪ್ಯಾಟ್ರಿಸಿಯಸ್ ಬದುಕಿನ ಕೊನೆಗಾಲದಲ್ಲಿ ಕ್ರೈಸ್ತನಾದ. ಮಗ ಆಗಸ್ಟೀನನ ಬೆನ್ನುಬಿಡದೆ ಕಾರ್ಥೇಜಿನಿಂದ ಮಿಲಾನಿನ ತನಕ ಆಕೆ ಹೋದಳು. ಒಬ್ಬ ಬಿಷಪ್ ಬಳಿ ಹೋಗಿ ನನ್ನ ಮಗನ ಜತೆ ವಾದ ಮಾಡಿ ಸರಿದಾರಿಗೆ ತನ್ನಿ ಎಂದು ಬೇಡಿದಾಗ ಅವರು ಒಪ್ಪಲಿಲ್ಲ: ಅವನಿನ್ನೂ ಕಲಿಯುವ ಸ್ಥಿತಿಯಲ್ಲಿಲ್ಲ, ಬಿಟ್ಟುಬಿಡು, ಓದುತ್ತ ಓದುತ್ತ ತಾನೇ ಕಂಡುಕೊಳ್ಳುತ್ತಾನೆ ಎಂದರು. ಆಗಸ್ಟೀನನಿಗೆ ಆಂಬ್ರೋಸ್ 387ರಲ್ಲಿ ದೀಕ್ಷಾಸ್ನಾನ ಕೊಟ್ಟರು, ಅದೇ ವರ್ಷ ಮೋನಿಕಾ ತೀರಿಕೊಂಡಳು. ತಾಯಿಯ ಕಣ್ಣೀರಿನ ಮೇಲೆ ಉಪದೇಶಗಳು ಬೇಕಾದಷ್ಟು ಬಂದಿವೆ. ವಾದಕ್ಕಿಳಿಯಲು ಒಪ್ಪದ ಆ ಬಿಷಪ್ಪರ ತಾಳ್ಮೆಯೂ ಅಷ್ಟೇ ದೊಡ್ಡದು.

ಕನ್ನಡ ನಾಡಿನಲ್ಲಿ ಈ ಪ್ರಶ್ನೆ ಅದರ ಪೂರ್ತಿ ಬಿಸಿಯೊಂದಿಗೆ ಎದ್ದದ್ದು ಮಂಗಳೂರಿನಲ್ಲಿ. ಬಾಸೆಲ್ ಮಿಷನ್ 1834ರಲ್ಲಿ ಅಲ್ಲಿ ಕಾಲಿಟ್ಟು ಹತ್ತು ವರ್ಷವಾಗಿತ್ತು. ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರ ಜನವರಿ 6ರಂದು ಇಬ್ಬರು ಗೆಳೆಯರ ಜತೆ ದೀಕ್ಷಾಸ್ನಾನ ಪಡೆದರು. ಊರು ಕೆರಳಿತು. ಮನೆಯವರ ಪಾಲಿಗೆ ಮಗ ಸತ್ತಂತಾಯಿತು. ಮದುವೆಯಾಗಿದ್ದ ಹುಡುಗಿ ಅವರ ಬಳಿಗೆ ಬರಲಿಲ್ಲ. ಅವಳು ಬರಲು ಒಪ್ಪದಿದ್ದಳೋ, ಅವಳನ್ನು ಯಾರಾದರೂ ಕೇಳಿದ್ದರೋ ಎಂಬುದು ಮಿಷನ್ ಚರಿತ್ರೆಗಳಲ್ಲಿ ದೊಡ್ಡ ವಿಷಯವಾಗಲಿಲ್ಲ. ಕೌಂಡಿನ್ಯರು 1846ರಲ್ಲಿ ಮಿಷನರಿ ಹೆರ್ಮನ್ ಮೊಗ್ಲಿಂಗ್ ಜತೆ ಬಾಸೆಲ್‌ಗೆ ಹೋಗಿ, ದೈವಶಾಸ್ತ್ರ ಓದಿ, 1851ರಲ್ಲಿ ಪಾದ್ರಿಯ ದೀಕ್ಷೆ ಪಡೆದು ಮರಳಿದರು. 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣನ್ನು ಮದುವೆಯಾದರು. ಆ ಮದುವೆಯಲ್ಲಿ ಸಂತೋಷವಿತ್ತು ಎಂದುಕೊಳ್ಳಬಹುದು. ತವರಿನಲ್ಲೇ ಉಳಿದ ಆ ಮೊದಲ ಹುಡುಗಿಗೆ, ಆ ಕಾಲದ ಬ್ರಾಹ್ಮಣ ಮನೆಯಲ್ಲಿ, ಇನ್ನೊಂದು ಮದುವೆಯ ಮಾತೇ ಇರಲಿಲ್ಲ.

ಇಂಥ ಮುರಿದ ಮನೆಗಳು ಎಷ್ಟಿದ್ದವೆಂದರೆ ಬ್ರಿಟಿಷ್ ಸರ್ಕಾರ ಎರಡು ಕಾನೂನು ಮಾಡಬೇಕಾಯಿತು. 1850ರ ಜಾತಿ ಅನರ್ಹತೆ ನಿವಾರಣಾ ಕಾಯ್ದೆ, ಧರ್ಮ ಬದಲಿಸಿದವನು ಪಿತ್ರಾರ್ಜಿತ ಆಸ್ತಿಯ ಹಕ್ಕು ಕಳೆದುಕೊಳ್ಳುವುದಿಲ್ಲ ಎಂದಿತು. ಮಗ ಕ್ರೈಸ್ತನಾದರೂ ಮನೆಯಲ್ಲಿ ಪಾಲು ಉಂಟು ಎಂಬುದು ಹಲವು ಕುಟುಂಬಗಳಿಗೆ ಎದೆಯೊಡೆಯುವ ಸುದ್ದಿ. ಪಿಂಡ ಇಡದವನಿಗೆ ಪಾಲು ಎಲ್ಲಿಯದು ಎಂಬುದು ಅವರ ತಕರಾರು. 1866ರ ಇನ್ನೊಂದು ಕಾಯ್ದೆ ಮದುವೆಗೆ ಸಂಬಂಧಿಸಿದ್ದು. ಒಬ್ಬರು ಕ್ರೈಸ್ತರಾದರೆಂಬ ಕಾರಣಕ್ಕೆ ಇನ್ನೊಬ್ಬರು ಆರು ತಿಂಗಳು ದೂರವಿದ್ದರೆ ಕ್ರೈಸ್ತರಾದವರು ಕೋರ್ಟಿಗೆ ಹೋಗಬಹುದಿತ್ತು. ಕೋರ್ಟು ದೂರವಿರುವವರನ್ನು ಕರೆಸಿ ಖುದ್ದಾಗಿ ಕೇಳಬೇಕಿತ್ತು, ಮತ್ತೆ ಒಂದು ವರ್ಷ ಯೋಚಿಸಲು ಬಿಡಬೇಕಿತ್ತು, ಆಗಲೂ ಮನಸ್ಸು ಬದಲಾಗದಿದ್ದರೆ ಬಿಡುಗಡೆ. ಆ ಒಂದು ವರ್ಷದ ಅವಧಿಯಲ್ಲಿ, ಖುದ್ದಾಗಿ ಕೇಳಬೇಕೆಂಬ ಷರತ್ತಿನಲ್ಲಿ, ಕಾನೂನು ಬರೆದವರು ಮನೆಯ ನೋವನ್ನು ಕೆಲವು ಬೋಧಕರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು ಎನಿಸುತ್ತದೆ.

ಜಾತಿಯಿಂದ ಹೊರಬಿದ್ದವರಿಗೆ ಅನ್ನದ ದಾರಿಯೂ ಮುಚ್ಚುತ್ತಿತ್ತು. ಗೇಣಿ ಹೋಗುತ್ತಿತ್ತು, ಕುಲಕಸುಬಿನ ಗಿರಾಕಿಗಳು ಹೋಗುತ್ತಿದ್ದರು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ನೇಯ್ಗೆ ಶುರುಮಾಡಿದ್ದು, 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಈ ಕಾರಣಕ್ಕೆ. ಮಂಗಳೂರು ಹಂಚು ನಾಡಿನ ಮನೆಗಳಿಗೆ ಸೂರಾಯಿತು. ಕೆಲಸದ ಆಸೆಗೆ ಮತ ಬಿಟ್ಟರು ಎಂಬ ಆಪಾದನೆಯೂ ಅಲ್ಲೇ ಬೇರುಬಿಟ್ಟಿತು. ಸಾಮಾನ್ಯವಾಗಿ ಮತ ಬಿಟ್ಟದ್ದು ಮೊದಲು, ಕೆಲಸ ಹೋದದ್ದು ಆಮೇಲೆ, ಮಿಷನ್ ಕೆಲಸ ಸಿಕ್ಕಿದ್ದು ಅದಕ್ಕೂ ಆಮೇಲೆ. ಆದರೆ ಎರಡನೆಯ ತಲೆಮಾರಿನ ಹೊತ್ತಿಗೆ ಉಪದೇಶ ಮಾಡುವವರೂ ಸಂಬಳ ಕೊಡುವವರೂ ಒಂದೇ ಆಗಿದ್ದರು. ಅಂಥ ಕಡೆ ಬೇಡ ಎನ್ನುವುದು ಸುಲಭವಲ್ಲ. ಆಪಾದನೆಯನ್ನು ತಳ್ಳಿಹಾಕುವವರು ಇಷ್ಟನ್ನಾದರೂ ಒಪ್ಪಬೇಕು.

ಕರಾವಳಿಯ ಮೇಲಿನ ಘಟ್ಟದ ಕಾಡಿನಲ್ಲಿ, ಗಂಗಾಮೂಲದ ಬಳಿ, 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯ ಕತೆ ಇದೇ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಎತ್ತುತ್ತದೆ. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದ ಆಕೆ 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಾಗ, ಅಲ್ಲಿ ಮತಬೋಧನೆ ಇರುವುದಿಲ್ಲವೆಂಬ ಮಾತಿನ ಮೇಲೆ ರಾನಡೆ, ಭಂಡಾರ್ಕರ್ ಅವರಂಥ ಹಿಂದೂ ಸುಧಾರಕರು ಸಲಹಾ ಮಂಡಳಿಗೆ ಬಂದರು. ರಮಾಬಾಯಿ ಬೋಧಿಸಲಿಲ್ಲ. ತಮ್ಮ ಕೋಣೆಯಲ್ಲಿ ಮಗಳ ಜತೆ ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚಲಿಲ್ಲ, ಅಷ್ಟೇ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂತರು. 1893ರಲ್ಲಿ ಪುಣೆಯ ಪತ್ರಿಕೆಗಳಲ್ಲಿ ಗುಲ್ಲೆದ್ದು, ಮಂಡಳಿ ರಾಜೀನಾಮೆ ಕೊಟ್ಟಿತು, ಹಲವು ಮನೆಗಳವರು ಹುಡುಗಿಯರನ್ನು ಕರೆದೊಯ್ದರು. ಬಾಗಿಲು ಮುಚ್ಚಬೇಕಿತ್ತೇ? ತನ್ನ ಮನೆಯಲ್ಲಿ ತಾನು ಪ್ರಾರ್ಥಿಸುವ ಹಕ್ಕು ಅವರದು, ಅದರಲ್ಲಿ ಸಂಶಯವಿಲ್ಲ. ಹೋಗಲು ಬೇರೆ ನೆಲೆಯಿಲ್ಲದ ಹುಡುಗಿಗೆ ಆಶ್ರಯ ಕೊಟ್ಟವರ ತೆರೆದ ಬಾಗಿಲು ಕೂಡ ಒಂದು ಕರೆಯೇ, ಅದರಲ್ಲೂ ಸಂಶಯವಿಲ್ಲ.

ಮನೆಯೊಳಗಿನ ಸುವಾರ್ತೆಗೆ ಭಾರತೀಯ ಭಾಷೆಗಳಲ್ಲಿ ಸಿಗುವ ಅತ್ಯಂತ ಪ್ರಾಮಾಣಿಕ ದಾಖಲೆ ಮರಾಠಿಯ ಲಕ್ಷ್ಮೀಬಾಯಿ ತಿಲಕರ ಆತ್ಮಕಥೆ ‘ಸ್ಮೃತಿಚಿತ್ರೆ’. ಗಂಡ ನಾರಾಯಣ ವಾಮನ ತಿಲಕ್ ಕವಿ, ಸಿಡುಕಿನ ಸ್ವಭಾವದವರು. 1893ರಲ್ಲಿ ರೈಲಿನಲ್ಲಿ ಎದುರಿಗೆ ಕೂತ ಒಬ್ಬ ಬಿಳಿಯ ಮಿಷನರಿ ಅವರೊಡನೆ ಕಾವ್ಯದ ಮಾತಾಡಿ, ಹೊಸ ಒಡಂಬಡಿಕೆಯ ಪ್ರತಿ ಕೊಟ್ಟು ಇಳಿದುಹೋದ. 1895ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ತಿಲಕರು ದೀಕ್ಷಾಸ್ನಾನ ಪಡೆದರು. ಹೆಂಡತಿಗೆ ಮುಂಚೆ ಹೇಳಿರಲಿಲ್ಲ. ಸುದ್ದಿ ಮುಟ್ಟಿದಾಗ ಆಕೆಗೆ ನೆಲ ಕುಸಿದಂತಾಯಿತು. ಬಂಧುಗಳು ಆಕೆಯನ್ನೂ ಮಗನನ್ನೂ ಪಂಢರಪುರದಲ್ಲಿ ಇಟ್ಟುಕೊಂಡರು. ಗಂಡ ಹೆಂಡತಿ ವರ್ಷಗಟ್ಟಲೆ ದೂರ ದೂರ. ತಿಲಕರು ಕಾಗದ ಬರೆದರು, ಕವಿತೆ ಬರೆದರು, ಮರುಮದುವೆಯ ಮಾತಿಗೆ ಒಪ್ಪಲಿಲ್ಲ.

ಕೊನೆಗೆ ಅಹ್ಮದ್‌ನಗರದಲ್ಲಿ ಆಕೆ ಗಂಡನ ಬಳಿಗೆ ಬಂದದ್ದು ಕ್ರೈಸ್ತಳಾಗಿ ಅಲ್ಲ, ಮಡಿ ಬಿಡದ ಬ್ರಾಹ್ಮಣ ಗೃಹಿಣಿಯಾಗಿ. ಒಲೆ ಬೇರೆ, ನೀರು ಬೇರೆ, ತನ್ನ ಅಡುಗೆ ತನಗೆ. ತಿಲಕರು ಅದಕ್ಕೆ ಅಡ್ಡಿ ಬರಲಿಲ್ಲ, ನೀರು ತಂದುಕೊಡುವ ಬ್ರಾಹ್ಮಣರನ್ನೇ ಹುಡುಕಿಕೊಟ್ಟರು. ಆಕೆಯಲ್ಲಿ ಮೊದಲು ಸಡಿಲವಾದದ್ದು ಜಾತಿ, ಮತವಲ್ಲ. ಜಾತಿಯನ್ನು ಮಾಡಿದ್ದು ದೇವರೋ ಮನುಷ್ಯನೋ ಎಂದು ತಾನೇ ತಾನಾಗಿ ಯೋಚಿಸಿ, ಮನುಷ್ಯನೇ ಎಂದು ತೀರ್ಮಾನಕ್ಕೆ ಬಂದು, ಇನ್ನು ಯಾರ ಕೈಯಿಂದಲಾದರೂ ಉಣ್ಣುತ್ತೇನೆ ಎಂದು ನಿಶ್ಚಯಿಸಿದರು. ಕ್ರಿಸ್ತನ ಮೇಲಿನ ನಂಬಿಕೆ ಆಮೇಲಿನದು. 1900ರಲ್ಲಿ ದೀಕ್ಷಾಸ್ನಾನವಾಯಿತು. ಗಂಡನೊಳಗಿನ ಬೋಧಕ ಸೋತು ಸುಮ್ಮನಾದ ಮೇಲೆ, ಒಂದೇ ಸೂರಿನ ಕೆಳಗಿನ ಎರಡು ಒಲೆಗಳ ನಡುವೆ ಆಕೆಗೆ ತನ್ನ ಬುದ್ಧಿಯಿಂದಲೇ ತೀರ್ಮಾನಿಸುವ ಜಾಗ ಸಿಕ್ಕಿತು. ತಿಲಕರು 1919ರಲ್ಲಿ ತೀರಿಕೊಂಡಾಗ ಅರ್ಧಕ್ಕೆ ನಿಂತಿದ್ದ ‘ಕ್ರಿಸ್ತಾಯನ’ ಕಾವ್ಯವನ್ನು ಮುಂದುವರಿಸಿದ್ದು, ಸರಿಯಾಗಿ ಶಾಲೆಯನ್ನೇ ಕಾಣದ ಈ ಹೆಂಗಸು.

ಪಾದ್ರಿಯ ಬದಲು ಸಾಮಾನ್ಯ ವಿಶ್ವಾಸಿಯೇ ಸಾಕ್ಷಿ ಹೇಳಬೇಕೆಂದು ಪಟ್ಟು ಹಿಡಿದವರಲ್ಲಿ ದೋರ್ಣಕಲ್ಲಿನ ಬಿಷಪ್ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ ಮುಖ್ಯರು. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದ ಅವರು, ದೀಕ್ಷಾಸ್ನಾನವಾದ ಪ್ರತಿಯೊಬ್ಬರೂ ತಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡು ಸುವಾರ್ತೆ ಸಾರುವ ಹೊಣೆ ನನ್ನದು ಎಂದು ಹೇಳುವಂತೆ ಮಾಡಿದರು. ಕೂಲಿಯವನ ಸಾಕ್ಷಿ ಕೂಲಿಯವನಿಗೆ. ಬೇರೆ ರೀತಿಯಲ್ಲಿ ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಚರ್ಚಿನಿಂದ ಹೊರಟು 1990ರ ದಶಕದಲ್ಲಿ ಜಗತ್ತಿನೆಲ್ಲೆಡೆ ಹಬ್ಬಿದ ಆಲ್ಫಾ ತರಗತಿಗಳೂ ಇದೇ ಸೂತ್ರ ಹಿಡಿದವು: ಸ್ನೇಹಿತನನ್ನು ಕರೆತನ್ನಿ, ಮೊದಲು ಊಟ ಹಾಕಿ, ಆಮೇಲೆ ಪ್ರಶ್ನೆಗಳಿಗೆ ಕೂರಿ.

ಕರಾವಳಿಯ ಕೊಂಕಣಿ ಕಥೊಲಿಕರದು ಇನ್ನೊಂದು ಬಗೆ. ಕ್ರಿಸ್‌ಮಸ್ ಬಂತೆಂದರೆ ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ ತುಂಬಿದ ಕುಸ್ವಾರಿನ ತಟ್ಟೆ ಪಕ್ಕದ ಮನೆಗೆ ಹೋಗುತ್ತದೆ. ದೀಪಾವಳಿಗೋ ಚೌತಿಗೋ ಅದೇ ತಟ್ಟೆ ಬೇರೆ ತಿಂಡಿ ಹೊತ್ತು ವಾಪಸು ಬರುತ್ತದೆ. ಮತದ ಮಾತು ಆ ತಟ್ಟೆಯಲ್ಲಿ ಇರುವುದಿಲ್ಲ. ಕಾರ್ಕಳದ ಅತ್ತೂರಿನ ಜಾತ್ರೆಯಲ್ಲಿ, ಬೆಂಗಳೂರು ವಿವೇಕನಗರದ ಬಾಲಯೇಸುವಿನ ಗುರುವಾರದ ಸಾಲಿನಲ್ಲಿ ಮೇಣದಬತ್ತಿ ಹಚ್ಚುವ ಹಿಂದೂಗಳು ಎಷ್ಟೋ. ಅವರನ್ನು ಅಲ್ಲಿಗೆ ಮೊದಲು ಕರೆತಂದದ್ದು ಹೆಚ್ಚಾಗಿ ಆಫೀಸಿನ ಗೆಳತಿ, ಬಾಡಿಗೆ ಮನೆಯ ಒಡತಿ. ಇದು ನಂಬಿಕೆ ಹಂಚಿಕೊಂಡದ್ದೇ ಅಲ್ಲ ಎನ್ನುವ ಕಟ್ಟುನಿಟ್ಟಿನ ಸಭೆಗಳಿವೆ. ಹಾಗೆನ್ನುವುದು ಕಷ್ಟ. ಆ ಹೆಂಗಸು ತನ್ನ ಸಂಕಟವನ್ನು ಯಾವ ದೇವರ ಮುಂದೆ ಇಡುತ್ತಾಳೋ ಅಲ್ಲಿಗೇ ಗೆಳತಿಯನ್ನು ಕರೆದೊಯ್ದಿದ್ದಾಳೆ, ಅದಕ್ಕಿಂತ ಆಪ್ತವಾದದ್ದನ್ನು ಅವಳು ಹಂಚಲಾರಳು.

ಸಂಖ್ಯೆಯ ಮಾತಿಗೆ ಬಂದರೆ, 2011ರ ಜನಗಣತಿಯಂತೆ ಕರ್ನಾಟಕದ ಕ್ರೈಸ್ತರು ನೂರಕ್ಕೆ ಎರಡಕ್ಕಿಂತ ಕಡಿಮೆ. 2019-20ರಲ್ಲಿ ಸುಮಾರು 30,000 ಮಂದಿಯನ್ನು ಮಾತಾಡಿಸಿದ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ, ಹಿಂದೂವಾಗಿ ಬೆಳೆದು ಈಗ ಕ್ರೈಸ್ತರೆಂದು ಹೇಳಿಕೊಂಡವರು ಶೇ. 0.4. ಇದರ ಬೆನ್ನಿಗೇ ಇನ್ನೊಂದು ಸಂಗತಿಯನ್ನೂ ಇಟ್ಟು ನೋಡಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯ ಸ್ಥಾನ ಕಳೆದುಕೊಳ್ಳುತ್ತಾರೆ. ಹಾಗಾಗಿ ಭಾನುವಾರ ಪ್ರಾರ್ಥನಾ ಕೂಟಕ್ಕೆ ಹೋಗುವ ತಾಯಿ, ದಾಖಲೆಯಲ್ಲಿ ಹಿಂದೂ ಆಗಿಯೇ ಉಳಿಯುವ ಮಗ, ಒಂದೇ ಮನೆಯಲ್ಲಿ ಇದ್ದಾರೆ. ಅಮ್ಮನ ನಂಬಿಕೆಗೆ ಹೌದು ಎಂದರೆ ಮಗನ ಹಾಸ್ಟೆಲ್ ಸೀಟು, ನೌಕರಿ ಹೋಗುತ್ತದೆ. ಬೇಡ ಎನ್ನುವ ಸ್ವಾತಂತ್ರ್ಯದಷ್ಟೇ ಹೌದು ಎನ್ನುವ ಸ್ವಾತಂತ್ರ್ಯಕ್ಕೂ ಬೆಲೆ ಕಟ್ಟಬೇಕಾಗಿದೆ.

ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಆ ಪದ ಬೇಡವೆಂದು ಲೋಕನಾಥ ಮಿಶ್ರ ವಾದಿಸಿದರು, ಟಿ.ಟಿ. ಕೃಷ್ಣಮಾಚಾರಿ ಮತ್ತು ಕೆ.ಎಂ. ಮುನ್ಷಿ ಇರಲಿ ಎಂದರು, ಪದ ಉಳಿಯಿತು. 1977ರ ಸ್ಟೇನಿಸ್ಲಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ತನ್ನ ಧರ್ಮವನ್ನು ವಿವರಿಸುವ ಹಕ್ಕು ಇದೆ, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಇಲ್ಲ ಎಂದಿತು. ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ ಇದನ್ನು ಮನೆಯೊಳಗೇ ತಂದಿತು. ಮತಾಂತರವಾದವರ ತಂದೆತಾಯಿ, ಒಡಹುಟ್ಟಿದವರು, ರಕ್ತಸಂಬಂಧಿ, ಮದುವೆಯಿಂದಾದ ನೆಂಟರು, ಜತೆಗೆ ಕೆಲಸ ಮಾಡುವವರು ಕೂಡ ದೂರು ಕೊಡಬಹುದು. ಆಮಿಷದ ವ್ಯಾಖ್ಯೆಯೊಳಗೆ ಉಡುಗೊರೆ, ಉಚಿತ ಶಿಕ್ಷಣ, ಉತ್ತಮ ಬದುಕಿನ ಭರವಸೆ, ದೇವರ ಕೋಪದ ಮಾತು ಎಲ್ಲ ಸೇರಿದವು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಬಲವಂತ ಯಾವ ಧರ್ಮಕ್ಕೂ ಕೂಡದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಜ್ವರ ಬಂದ ಅತ್ತಿಗೆಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ನಾದಿನಿ, ಆಸ್ತಿ ಜಗಳವಿರುವ ಭಾವನ ದೂರಿನ ಮೇಲೆ ಪೊಲೀಸ್ ಠಾಣೆ ಹತ್ತಬೇಕಾಗಿ ಬರಬಹುದಾದ ಕಾನೂನು ಮನೆಯನ್ನು ಕಾಯುವುದಿಲ್ಲ, ಮನೆಯವರನ್ನು ಒಬ್ಬರ ಮೇಲೊಬ್ಬರು ಕಣ್ಣಿಡುವಂತೆ ಮಾಡುತ್ತದೆ.

ಕಾಯಿಲೆಯ ಮಾತು ಬಂದದ್ದಕ್ಕೆ ಒಂದು ವಿಷಯ. ಹಳ್ಳಿಗಳಲ್ಲಿ ಸಾಕ್ಷಿ ಹೇಳುವವರ ಬಾಯಲ್ಲಿ ಮತ್ತೆ ಮತ್ತೆ ಬರುವುದು ವಾಸಿಯಾದ ಕಾಯಿಲೆ, ಬಿಟ್ಟುಹೋದ ಕುಡಿತ, ನಿಂತ ಜಗಳ. ಅದನ್ನು ಹೇಳುವವರ ಕೃತಜ್ಞತೆ ನಿಜವಾದದ್ದು. ನಂಬಿದರೆ ವಾಸಿಯಾಗುತ್ತೀ ಎಂದು ಹಾಸಿಗೆ ಹಿಡಿದವರಿಗೆ ಹೇಳುವುದು ಮಾತ್ರ ಬೇರೆಯೇ ವ್ಯವಹಾರ. ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ಮಂಡಳಿ, ಚರ್ಚುಗಳ ವಿಶ್ವ ಮಂಡಳಿ, ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ 2011ರಲ್ಲಿ ಹೊರಡಿಸಿದ ಸಾಕ್ಷಿಯ ನಿಯಮಾವಳಿ ಇದನ್ನು ನೇರವಾಗಿ ಎತ್ತಿಕೊಂಡಿದೆ. ಜನರ ಬಡತನ, ದುರ್ಬಲ ಸ್ಥಿತಿಗಳನ್ನು ಸಾಕ್ಷಿಗೆ ಬಳಸಿಕೊಳ್ಳಬಾರದು, ಗುಣಪಡಿಸುವ ಸೇವೆಯಲ್ಲಿ ಮನುಷ್ಯರ ಘನತೆ ಕಾಯಬೇಕು, ಧರ್ಮ ಬದಲಿಸುವುದೇ ಆದರೆ ಯೋಚಿಸಲು ಸಾಕಷ್ಟು ಸಮಯ ಕೊಡಬೇಕು ಎನ್ನುತ್ತದೆ. ಒಂದಕ್ಕೊಂದು ಮುಖ ಕೊಡದ ಮೂರು ಬಣಗಳು ಒಪ್ಪಿದ ಈ ಕೆಲವೇ ಪುಟಗಳು ನಮ್ಮ ಊರಿನ ಪ್ರತಿ ಪ್ರಾರ್ಥನಾ ಕೂಟದಲ್ಲೂ ಓದಬೇಕಾದವು.

ಹುಟ್ಟಾ ಕ್ರೈಸ್ತ ಮನೆಗಳಲ್ಲಿ ಈ ಪ್ರಶ್ನೆ ಮಕ್ಕಳ ಕಡೆಗೆ ತಿರುಗುತ್ತದೆ. ಬೆಂಗಳೂರು ಬಿಟ್ಟು ಹೊರದೇಶಕ್ಕೆ ಹೋದ ಮಗ ಚರ್ಚಿನ ಮೆಟ್ಟಿಲು ಹತ್ತುವುದಿಲ್ಲ ಎಂಬ ಚಿಂತೆ ಎಷ್ಟೋ ತಾಯಂದಿರದು. ಕ್ಯಾಲಿಫೋರ್ನಿಯಾದಲ್ಲಿ 1970ರ ಸುಮಾರಿಗೆ ಶುರುವಾಗಿ ದಶಕಗಳ ಕಾಲ ನೂರಾರು ಕುಟುಂಬಗಳನ್ನು ಹಿಂಬಾಲಿಸಿದ ವರ್ನ್ ಬೆಂಗ್ಟ್‌ಸನ್ ಅವರ ಅಧ್ಯಯನ 2013ರಲ್ಲಿ ಪುಸ್ತಕವಾಯಿತು. ನಂಬಿಕೆ ಮಕ್ಕಳಿಗೆ ಇಳಿಯುವುದು ಕಟ್ಟುನಿಟ್ಟಿನಿಂದಲ್ಲ, ತಂದೆತಾಯಿಯ ಪ್ರೀತಿಯ ಬಿಸುಪಿನಿಂದ, ಅದರಲ್ಲೂ ಅಪ್ಪ ಎಷ್ಟು ಹತ್ತಿರದವನು ಎಂಬುದರಿಂದ ಎಂದು ಅದು ಹೇಳುತ್ತದೆ. ಸಂಜೆಯ ಕುಟುಂಬ ಪ್ರಾರ್ಥನೆಗೆ ಗದರಿಸಿ ಕೂರಿಸುವ ಅಪ್ಪಂದಿರು ಗಮನಿಸಬೇಕಾದ ಮಾತು.

ಮೊದಲ ತಲೆಮಾರಿನ ವಿಶ್ವಾಸಿಯ ದಿನದ ತೊಡಕುಗಳು ಬೇರೆ. ಅಮ್ಮ ದೇವಸ್ಥಾನದಿಂದ ತಂದ ಪ್ರಸಾದವನ್ನು ಅಂಗೈಯಲ್ಲಿ ಇಟ್ಟಾಗ ಏನು ಮಾಡುವುದು? ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲನು ವಿಗ್ರಹಕ್ಕೆ ಅರ್ಪಿಸಿದ ಆಹಾರದ ಬಗ್ಗೆ ಎರಡು ಅಧ್ಯಾಯಗಳಷ್ಟು ಹಿಂದುಮುಂದು ಯೋಚಿಸಿದ್ದಾನೆ. ನಮ್ಮ ಕೆಲವು ಸಭೆಗಳು ಒಂದೇ ವಾಕ್ಯದಲ್ಲಿ ಮುಟ್ಟಬೇಡ ಎಂದುಬಿಡುತ್ತವೆ. ಪ್ರಸಾದ ತಿರಸ್ಕರಿಸಿದ ಮಗಳಿಗೆ ತಾನು ದೇವರಿಗೆ ನಿಷ್ಠಳಾದೆ ಎಂಬ ಸಮಾಧಾನ, ಅಮ್ಮನಿಗೆ ತನ್ನ ಕೈಯನ್ನೇ ಮಗಳು ತಳ್ಳಿದಳು ಎಂಬ ಸಂಕಟ. ಆಕೆ ಮುಂದೆ ಮಗಳ ದೇವರ ವಿಷಯ ಕೇಳಲು ಕೂರುವುದಿಲ್ಲ.

ಎಲ್ಲಕ್ಕಿಂತ ಗಟ್ಟಿ ತೊಡಕು ಸಾವಿನದು. ಹಿರಿಯ ಮಗ ಕ್ರೈಸ್ತನಾಗಿದ್ದಾನೆ, ಅಪ್ಪ ತೀರಿಕೊಂಡಿದ್ದಾನೆ, ಬೆಂಕಿ ಇಡುವವರಾರು? ಚೀನಾದಲ್ಲಿ ಪಿತೃಗಳಿಗೆ ತಲೆಬಾಗುವ ಪ್ರಶ್ನೆಯ ಮೇಲೆ ಕಥೊಲಿಕ ಸಭೆ ದಶಕಗಟ್ಟಲೆ ಜಗಳಾಡಿ, 18ನೆಯ ಶತಮಾನದ ಆರಂಭದಲ್ಲಿ ನಿಷೇಧಿಸಿ, 1939ರಲ್ಲಿ ಅದು ತಂದೆತಾಯಿಗೆ ತೋರುವ ಗೌರವ ಎಂದು ಒಪ್ಪಿಕೊಂಡಿತು. ಅಷ್ಟರಲ್ಲಿ ಎಷ್ಟೋ ಚೀನೀ ಮಕ್ಕಳು ಅಪ್ಪನ ಶವದ ಮುಂದೆ ಕೈಕಟ್ಟಿ ನಿಂತಿದ್ದರು. ಕರ್ನಾಟಕದ ಸಭೆಗಳು ದೀಕ್ಷಾಸ್ನಾನದ ತಯಾರಿಯಲ್ಲಿ ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ ಕಲಿಸುವ ಜತೆಗೆ ಇದಕ್ಕೂ ಒಂದು ದಿನ ಇಡಬೇಕು. ಸಭಾಪಾಲಕರು ದೀಕ್ಷಾಸ್ನಾನ ಪಡೆಯಲಿರುವ ಹುಡುಗನ ಮನೆಗೆ ಹೋಗಿ, ಅಪ್ಪ ಅಮ್ಮನ ಎದುರು ಕೂತು, ನಿಮ್ಮ ಮಗ ನಿಮ್ಮನ್ನು ಬಿಟ್ಟುಹೋಗುತ್ತಿಲ್ಲ ಎಂದು ಹೇಳಬೇಕು. ಹೆಗಲು ಕೊಡುತ್ತಾನೆಯೇ, ಚಿತೆಯ ಬಳಿ ನಿಲ್ಲುತ್ತಾನೆಯೇ, ವೈಕುಂಠ ಸಮಾರಾಧನೆಯ ಖರ್ಚಿಗೆ ಕೈ ಹಚ್ಚುತ್ತಾನೆಯೇ, ತಮ್ಮನ ಕೈಯಲ್ಲಿ ಬೆಂಕಿ ಇಡಿಸಲು ಮನೆಯವರು ಒಪ್ಪುತ್ತಾರೆಯೇ ಎಂಬುದನ್ನೆಲ್ಲ ಅಪ್ಪ ಗಟ್ಟಿಯಾಗಿರುವಾಗಲೇ, ಅಪ್ಪನ ಬಾಯಿಂದಲೇ ಕೇಳಿ ತೀರ್ಮಾನಿಸಿಕೊಳ್ಳಬೇಕು. ಅಪ್ಪ ಸಿಟ್ಟಾಗಿ ಎದ್ದುಹೋದರೆ ಮುಂದಿನ ತಿಂಗಳು ಮತ್ತೆ ಹೋಗಬೇಕು.